ಹಲ್ಲಿನಂಗಡಿಯ ಟ್ಯಾಂಕುಗಳು

ನನ್ನ ಮೇಲ್ದವಡೆಯ ಮುಂದಿನ ಹಲ್ಲುಗಳಲ್ಲಿ ಒಂದು ನನ್ನದಲ್ಲ. ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದ ಸಾಹೇಬರೊಬ್ಬರು ಮಾಡಿಕೊಟ್ಟದ್ದು. ಕಳೆದ ತಿಂಗಳು ಅವರು ತೀರಿಕೊಂಡರೆಂದು ಫೋನ್ ಬಂದಾಗ ನಾನು ಮೊದಲು ಮಾಡಿದ ಕೆಲಸ, ನಾಲಿಗೆಯಿಂದ ಆ ಹಲ್ಲನ್ನು ಅಲ್ಲಾಡಿಸಿ ನೋಡಿದ್ದು. ಇನ್ನು ಇದು ಸಡಿಲವಾದರೆ ಯಾರ ಹತ್ತಿರ ಹೋಗುವುದು ಅನ್ನುವ ಚಿಂತೆ ಮೊದಲು ಬಂತು. ದುಃಖ ಒಂದು ಹತ್ತು ನಿಮಿಷ ಬಿಟ್ಟು ಬಂತು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅವರು ಕೇಳಿದ್ದರೆ ನಗುತ್ತಿದ್ದರು. ನನ್ನ ಚಿಂತೆಗಳ ಪಟ್ಟಿ ಅವರಿಗೆ ಬಾಯಿಪಾಠವಿತ್ತು.

ಅವರ ಹೆಸರು ಬರೆಯುವುದಿಲ್ಲ. ಅವರ ಅಂಗಡಿಗೇ ಹೆಸರಿರಲಿಲ್ಲ. ತಗಡಿನ ಮೇಲೆ ಒಂದು ದವಡೆಹಲ್ಲಿನ ಚಿತ್ರ, ಅಷ್ಟೆ. ಒಮ್ಮೆ ಕೇಳಿದ್ದಕ್ಕೆ, "ಇನ್ನೊಬ್ಬರ ಬಾಯೊಳಗೆ ಹೋಗೋ ಕೆಲ್ಸ ಸಾರ್. ಅಲ್ಲಿ ನನ್ನ ಹೆಸರು ಯಾಕೆ?" ಅಂದಿದ್ದರು.

ಆರು ವರ್ಷದ ಹಿಂದೆ ಪಿರಿಯಾಪಟ್ಟಣದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿ, ಕೊಟ್ಟ ನಿಪ್ಪಟ್ಟನ್ನು ಮರ್ಯಾದೆಗೆ ಕಚ್ಚಿ, ಹಲ್ಲು ಮುರಿದುಕೊಂಡು ಬಂದೆ. ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತ. ಗೆದ್ದಲು, ತೇವ, ಬೆಂಕಿ, ಈ ಮೂರಕ್ಕೆ ಹೆದರುವುದೇ ನನ್ನ ಉದ್ಯೋಗ. ಅಭ್ಯಾಸಬಲದಿಂದ ಮುರಿದ ಹಲ್ಲಿಗೂ ಹೆದರಿ, ಇದು ಯಾವುದೋ ದೊಡ್ಡ ಕಾಯಿಲೆಯ ಮೊದಲ ಗುರುತು ಅಂತ ತೀರ್ಮಾನಿಸಿ ಅವರ ಬೆಂಚಿನ ಮೇಲೆ ಕೂತಿದ್ದೆ. ಎದುರು ಗೋಡೆಗೆ ಮೂರು ಹಲಗೆ. ಮೇಲಿನದರಲ್ಲಿ ಅರ್ಧ ತಾಲ್ಲೂಕಿನ ಹಲ್ಲಿನ ಸೆಟ್ಟುಗಳು, ಗುಲಾಬಿ ಒಸಡು ಬಿಟ್ಟುಕೊಂಡು ನಗುತ್ತ ಒಣಗುತ್ತಿದ್ದವು. ಕೆಳಗಿನ ಎರಡರಲ್ಲಿ ಸಾಲಾಗಿ ಯುದ್ಧದ ಟ್ಯಾಂಕುಗಳು. ಒಂದೊಂದೂ ಅಂಗೈ ಅಗಲ. ತುಕ್ಕು ಹಿಡಿದದ್ದು, ಕೆಸರು ಮೆತ್ತಿದ್ದು, ಗುಂಡು ತಾಗಿ ಬಣ್ಣ ಎದ್ದದ್ದು. ಮೇಲೆ ನಗುವ ಹಲ್ಲು, ಕೆಳಗೆ ಫಿರಂಗಿ.

"ಇವು ಯಾಕೆ ಸಾಹೇಬ್ರೆ?" ಅಂದೆ.

ಅವರು ನನ್ನ ಬಾಯೊಳಗೆ ಮೇಣದ ಅಚ್ಚು ಒತ್ತಿ ಹಿಡಿದುಕೊಂಡು, ನಾನು ಮರುಪ್ರಶ್ನೆ ಕೇಳಲಾಗದ ಸ್ಥಿತಿಯಲ್ಲಿದ್ದಾಗ ಉತ್ತರ ಕೊಟ್ಟರು. "ಹಲ್ಲು ಎಲ್ಲಾರ್ಗೂ ಬೇಕು. ಅದಕ್ಕೆ ಮಾಡ್ತೀನಿ. ಟ್ಯಾಂಕು ಯಾರ್ಗೂ ಬೇಡ. ಅದಕ್ಕೂ ಮಾಡ್ತೀನಿ."

ಹಲ್ಲು ಸರಿಹೋದ ಮೇಲೂ ನಾನು ಹೋಗುವುದನ್ನು ಬಿಡಲಿಲ್ಲ.

ಡಬ್ಬಿಯಲ್ಲಿ ಪ್ಲಾಸ್ಟಿಕ್ ತುಂಡುಗಳು ಬರುತ್ತಿದ್ದವು. ನಿಜವಾದ ಟ್ಯಾಂಕಿನ ಮೂವತ್ತೈದನೇ ಒಂದು ಅಳತೆ. ಸಾಹೇಬರು ಅವನ್ನು ಹಾಗೇ ಅಂಟಿಸಿದವರಲ್ಲ. ಹಲ್ಲು ಕೊರೆಯುವ ಸಣ್ಣ ಮೋಟರಿನಿಂದ ಕೊರೆದು, ಮೇಣದ ಚಾಕುವಿನಿಂದ ಕೆರೆದು, ಒಸಡು ಮಾಡುವ ಪುಡಿಯಲ್ಲೇ ಕಾಣೆಯಾದ ಭಾಗಗಳನ್ನು ಅಚ್ಚು ಹಾಕುತ್ತಿದ್ದರು. ಟ್ಯಾಂಕಿನ ಚಕ್ರಗಳ ಮೇಲೆ ಓಡುವ ಪಟ್ಟಿಯನ್ನು ಕೊಂಡಿಕೊಂಡಿಯಾಗಿ ಜೋಡಿಸಬೇಕು. ಅದನ್ನು ಮಾಡುವಾಗ ಮಾತ್ರ ಯಾರಾದರೂ ಬಂದರೆ ಕೈಸನ್ನೆಯಲ್ಲೇ ಕೂರಿಸುತ್ತಿದ್ದರು. "ಇದು ದವಡೆ ಇದ್ದಂಗೆ ಕಣ್ರೀ. ಒಂದು ಹಲ್ಲು ಕೂದ್ಲಷ್ಟು ಎತ್ತರ ಆದ್ರೆ ಇಡೀ ಗಾಡಿ ಕುಂಟ್ತದೆ."

ಬಣ್ಣ ಬಳಿದ ಮೇಲೆ ಮಣ್ಣು. ಕಿಟಕಿಯ ಮೇಲೆ ಔಷಧಿ ಸೀಸೆಗಳಲ್ಲಿ ಚಹಾ ಜಾಲರಿಯಿಂದ ಸೋಸಿದ ಮಣ್ಣಿರುತ್ತಿತ್ತು. ರಷ್ಯಾದ ಕೆಸರಿಗೆ ಕೆ.ಆರ್. ನಗರದ ಗದ್ದೆ. ಆಫ್ರಿಕಾದ ಮರಳುಗಾಡಿಗೆ ಎಚ್.ಡಿ. ಕೋಟೆ ರಸ್ತೆಯ ಧೂಳು. ಬೇಸಿಗೆಯಲ್ಲಿ ನಾನು ಕೋಟೆಗೆ ಆಫೀಸಿನ ಕೆಲಸದ ಮೇಲೆ ಹೋದರೆ, ಸ್ಕೂಟರಿನ ಮಡ್‌ಗಾರ್ಡ್ ಕೊಡವಿಕೊಂಡು ಬರಬೇಕೆಂದು ಆರ್ಡರ್ ಇತ್ತು.

"ಆಫ್ರಿಕಾ ಮಣ್ಣು ಬೇರೆ ತರ ಇರುತ್ತಲ್ವಾ?" ಅಂತ ಒಮ್ಮೆ ಚಿಂತಿಸಿದೆ.

"ನೀವು ಹೋಗಿ ನೋಡ್ಕೊಂಡು ಬಂದು ಹೇಳಿ, ಬದಲಾಯಿಸ್ತೀನಿ."

ಇನ್ನು ಯುದ್ಧದಾಟದ ಡಬ್ಬಿಗಳ ವಿಷಯ. ಅದು ಬೈಲಕುಪ್ಪೆಯಿಂದ ಶುರುವಾದ ಹುಚ್ಚು. ಅಲ್ಲಿ ಸ್ವೆಟರ್ ಮಾರುತ್ತಿದ್ದ ಟಿಬೆಟಿನ ಮುದುಕರೊಬ್ಬರು ಎರಡೂ ದವಡೆಗೆ ಸೆಟ್ಟು ಹಾಕಿಸಿಕೊಂಡು, ಖುಷಿಯಾಗಿ, ತಮ್ಮಲ್ಲಿ ಇಂಗ್ಲಿಷ್ ಕಲಿಸಲು ಬಂದಿದ್ದ ವಿದೇಶಿಯೊಬ್ಬ ಬಿಟ್ಟುಹೋದ ಡಬ್ಬಿಯೊಂದನ್ನು ತಂದುಕೊಟ್ಟಿದ್ದರಂತೆ. ಒಳಗೆ ಒಂದು ಭೂಪಟ, ಅದರ ತುಂಬ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು, ನೂರಾರು ರಟ್ಟಿನ ಬಿಲ್ಲೆಗಳು. ಒಂದೊಂದು ಬಿಲ್ಲೆ ಒಂದೊಂದು ಪಡೆ. ದಾಳ ಉರುಳಿಸಿ, ಮನೆ ಎಣಿಸಿ, ಮುಗಿದುಹೋದ ಯುದ್ಧವನ್ನು ಇನ್ನೊಮ್ಮೆ ಆಡುವುದು. ಆಮೇಲೆ ಮೈಸೂರಿನ ರದ್ದಿ ಅಂಗಡಿಗಳಲ್ಲಿ ಹುಡುಕಿ, ಎಲ್ಲೆಲ್ಲಿಂದಲೋ ಪಾರ್ಸಲ್ ತರಿಸಿ, ನಾನು ನೋಡುವ ಹೊತ್ತಿಗೆ ಬೀರುವಿನ ತುಂಬ ಡಬ್ಬಿಗಳಾಗಿದ್ದವು.

ನಿಯಮದ ಪುಸ್ತಕಗಳೆಲ್ಲ ಇಂಗ್ಲಿಷು. ಸಾಹೇಬರು ಓದಿದ್ದು ಎಂಟನೇ ಕ್ಲಾಸು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದು ನಿಯಮವನ್ನೂ ಉದ್ದ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿದ್ದರು. ಒಂದು ಪಡೆ ಎಷ್ಟು ದೂರ ಕಾಣಬಲ್ಲದೋ ಅದು 'ಕಣ್ಣಳತೆ'. ಪಡೆಗೆ ಹಿಂದಿನಿಂದ ಅನ್ನ, ಮದ್ದು, ಎಣ್ಣೆ ಬರುವ ರಸ್ತೆ 'ಬುತ್ತಿ ದಾರಿ'. ಆ ಎರಡು ಮಾತಿಗಾಗಿ ನಾನು ಅವರಿಗೆ ನಮ್ಮ ಕಚೇರಿಯ ಎಲ್ಲ ಸುತ್ತೋಲೆಗಳ ಭಾಷಾಂತರದ ಕೆಲಸ ಕೊಡಲು ತಯಾರಿದ್ದೆ. 'ಬುತ್ತಿ ದಾರಿ ಕಡಿದುಹೋದ ಪಡೆ ಎರಡು ಸರದಿ ಬದುಕುತ್ತದೆ' ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಕೆಂಪು ಗೆರೆ ಎಳೆದಿದ್ದರು.

ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಆಟ. ಹಳೆಯ ಬಾಗಿಲೊಂದನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿ ಅದರ ಮೇಲೆ ಭೂಪಟ. ಅವರ ಹೆಂಡತಿಗೆ ಆ ಬಾಗಿಲು ಬೇರೆ ಕೆಲಸಕ್ಕೂ ಬೇಕಾಗುತ್ತಿತ್ತು.

"ಅಣ್ಣ, ನಾಳಿಕೆ ಈ ಜರ್ಮನಿಯೋರ್ನ ಎತ್ತಿ. ನಾನು ಮೆಣಸಿನಕಾಯಿ ಒಣಗಾಕ್ಬೇಕು" ಅಂತ ನನ್ನನ್ನು ಕೇಳುವರು.

"ಇನ್ನೊಂದು ವಾರ ಬುಡು. ಹೊಳೆ ದಾಟ್ತಾವ್ರೆ" ಅನ್ನುವರು ಸಾಹೇಬರು.

"ಸಂಕ್ರಾಂತಿಯಿಂದ ದಾಟ್ತಾವ್ರೆ. ನಮ್ಮ ಲಕ್ಷ್ಮಣತೀರ್ಥ ಹೊಳೇನ ಎಮ್ಮೆಗಳು ಅರ್ಧ ಗಂಟೇಲಿ ದಾಟ್ತವೆ."

ತಪ್ಪು ನನ್ನದು. ನಾನು ಆಟದಲ್ಲೂ ನಾನೇ. ಒಂದು ಪಡೆ ಮುಂದಿಟ್ಟರೆ ಹಿಂದಿನ ಸೇತುವೆ ಏನಾದೀತು, ಸೇತುವೆಗೆ ಕಾವಲಿಟ್ಟರೆ ಪಕ್ಕದ ಕಾಡಿನಿಂದ ಯಾರಾದರೂ ಬಂದರೆ ಏನು ಗತಿ ಅಂತ ಯೋಚಿಸಿ, ಎಲ್ಲರನ್ನೂ ಇದ್ದಲ್ಲೇ ಕೂರಿಸುತ್ತಿದ್ದೆ. "ನೀವು ಯುದ್ಧ ಆಡ್ತಿಲ್ಲ ಸಾರ್, ಕಾಂಪೌಂಡ್ ಕಟ್ತಾ ಇದ್ದೀರಿ" ಅನ್ನುತ್ತಿದ್ದರು. ಅವರೇನು ದೊಡ್ಡ ಶೂರರಲ್ಲ. ಗೆಲುವು ಮೂರು ಮನೆ ದೂರದಲ್ಲಿದ್ದರೂ, ಎಲ್ಲೋ ಮೂಲೆಯಲ್ಲಿ ಒಂದು ಬಿಲ್ಲೆಯ ಬುತ್ತಿ ದಾರಿ ಕಡಿಯಿತೆಂದರೆ ಇಡೀ ಸೈನ್ಯವನ್ನು ಹಿಂದಕ್ಕೆ ತಿರುಗಿಸಿಬಿಡುತ್ತಿದ್ದರು.

"ಒಂದು ಬಿಲ್ಲೆ ತಾನೆ, ಹೋಗಲಿ ಬಿಡಿ" ಅಂದರೆ, "ರಟ್ಟಾದ್ರೂ ಉಪವಾಸ ಸಾಯ್ಬಾರ್ದು" ಅನ್ನುವರು.

ಹೀಗೆ ಒಬ್ಬ ಹೆದರುಪುಕ್ಕ, ಒಬ್ಬ ಅನ್ನದಾತ ಎದುರುಬದುರು ಕೂತರೆ ಯುದ್ಧ ಮುಗಿಯುವುದು ಹೇಗೆ? ಆರು ವರ್ಷದಲ್ಲಿ ನಾವು ಮುಗಿಸಿದ್ದು ನಾಲ್ಕು.

ಒಂದು ದಸರೆಯಲ್ಲಿ ನನ್ನ ಹೆಂಡತಿ, ಗೊಂಬೆ ಕೂರಿಸುವ ಮೆಟ್ಟಿಲಿಗೆ ಒಂದು ಟ್ಯಾಂಕು ಬೇಕೆಂದಳು. ಪಟ್ಟದ ಗೊಂಬೆ, ಶೆಟ್ಟಿ ಅಂಗಡಿ, ಆನೆ ಸಾಲು, ಅದರ ಹಿಂದೆ ಒಂದು ಟ್ಯಾಂಕು ಇದ್ದರೆ ಮೆರವಣಿಗೆಗೆ ಗತ್ತು ಅಂತ. ನಾನು ಬೇಡವೆಂದೆ. ಬಿದ್ದೀತು, ಮುರಿದೀತು, ಇಲಿ ಕಚ್ಚೀತು. ಸಾಹೇಬರು ಮಾತ್ರ ಎಂಟು ತಿಂಗಳು ಕೂತು ಮಾಡಿದ್ದನ್ನೇ ಹತ್ತಿಯಲ್ಲಿ ಸುತ್ತಿ ಕೊಟ್ಟರು. ಆಯುಧಪೂಜೆಯ ದಿನ ಆಫೀಸಿನ ಪೂಜೆ ಮುಗಿಸಿ ನಾನು ಮನೆಗೆ ಬರುವಷ್ಟರಲ್ಲಿ, ನನ್ನ ತಾಯಿ ಸ್ಕೂಟರಿಗೆ ಹಚ್ಚಿದ್ದನ್ನೆಲ್ಲ ಟ್ಯಾಂಕಿಗೂ ಹಚ್ಚಿದ್ದರು. ಮೂರು ಗೆರೆ ವಿಭೂತಿ, ನೀರಲ್ಲಿ ಕಲಸಿದ ಅರಿಸಿನ ಕುಂಕುಮ, ಫಿರಂಗಿಗೆ ಒಂದು ಸೇವಂತಿಗೆ ಎಸಳು. ಚಕ್ರದ ಕೆಳಗಿಡಲು ನಿಂಬೆಹಣ್ಣು ದೊಡ್ಡದಾಯಿತೆಂದು ನಿಂಬೆಯ ಬೀಜ ಇಟ್ಟಿದ್ದರು. ನಾನು ಗಾಬರಿಯಲ್ಲಿ ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜಿದೆ. ಸಾಹೇಬರು ಬಳಿದ ಬಣ್ಣ ಹೋಯಿತು. ಕುಂಕುಮ ಉಳಿಯಿತು.

ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ಮೂರು ತರದ ಕ್ಷಮಾಪಣೆ ಯೋಚಿಸಿಕೊಂಡು ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಸುತ್ತ ತಿರುಗಿಸಿ ನೋಡಿದರು. ಪಟ್ಟಿಗೆ ಅಂಟಿಕೊಂಡಿದ್ದ ನಿಂಬೆಬೀಜವನ್ನು ಉಗುರಿನ ತುದಿಯಿಂದ ಮುಟ್ಟಿ ನೋಡಿದರು.

"ನಿಮ್ಮಮ್ಮ ಸರ್ಯಾಗೇ ಮಾಡವ್ರೆ. ಗ್ಯಾರೇಜಲ್ಲಿ ನನ್ ತಮ್ಮನೂ ವರ್ಷಕ್ಕೊಂದ್ಸಲ ಹಚ್ಚುಸ್ತಾನೆ. ಇದು ಆಯುಧ ಅನ್ನೋದು ನಂಗೇ ಮರ್ತೋಗಿತ್ತು ಸಾರ್. ಗೊಂಬೆ ಮಾಡ್ತಾ ಇವ್ನಿ ಅಂತ ಅಂದ್ಕಂಡಿದ್ದೆ."

ಮತ್ತೆ ಬಣ್ಣ ಬಳಿಯಲಿಲ್ಲ. ಬೀಜವನ್ನು ಒಂದು ತೊಟ್ಟು ಅಂಟು ಹಾಕಿ ಅಲ್ಲೇ ಕೂರಿಸಿದರು.

ಹೋದ ವರ್ಷದ ಬೇಸಿಗೆಯಲ್ಲಿ ಒಂದು ಭಾನುವಾರ, ನಾಲ್ಕು ಬಿಲ್ಲೆಗಳ ಗೋಪುರವೊಂದನ್ನು ಚಿಮಟದಲ್ಲಿ ಎತ್ತಿ ಇಡುವಾಗ ಸಾಹೇಬರ ಕೈಯಿಂದ ಅದು ಬಿದ್ದು ಅರ್ಧ ಯುರೋಪಿನ ಮೇಲೆ ಚೆಲ್ಲಿತು. "ಗಾಳಿ" ಅಂದರು. ಫ್ಯಾನ್ ನಿಂತು ಅರ್ಧ ಗಂಟೆಯಾಗಿತ್ತು, ಕರೆಂಟಿರಲಿಲ್ಲ. ಅವರ ಬಲಗೈ ಬಾಗಿಲಿನ ಅಂಚಿನ ಮೇಲೆ ತಾನೇ ತಾನಾಗಿ ಸಣ್ಣಗೆ ತಾಳ ಹಾಕುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಹಿಂದಿನ ಭಾನುವಾರ ತಾನೆ, ಅವರು ಎರಡು ಸಲ ತೇಗಿದ್ದಕ್ಕೆ ನಾನು ಎದೆಯ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಪೀಡಿಸಿದ್ದಕ್ಕೆ ಗಂಡಹೆಂಡಿರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅದು ನೆನಪಾಗಿ ಸುಮ್ಮನಾದೆ. ನನ್ನ ಅನುಮಾನಗಳಲ್ಲಿ ನಿಜವಾದದ್ದು ಅದೊಂದೇ. ಅವತ್ತೇ ನಾನು ಬಾಯಿ ಬಿಡಲಿಲ್ಲ. ಇಬ್ಬರೂ ನೆಲದ ಮೇಲೆ ಬಗ್ಗಿ ಬಿಲ್ಲೆ ಆರಿಸಿದೆವು.

ಹಲ್ಲುಗಳು ಹೇಳಿಬಿಟ್ಟವು. ಕೆ.ಆರ್. ನಗರದ ಕಡೆಯ ಅಜ್ಜಿಯೊಬ್ಬರು ಹೊಸ ಸೆಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. "ಸಾಬ್ರೆ, ಮಾತಾಡ್ವಾಗ ಇದು ಟಕ್ ಟಕ್ ಅಂತದೆ. ನಾ ಸೊಸೆಗೆ ಒಂದ್ಮಾತು ಅನ್ನೋಕ್ಮುಂಚೆ ಇದೇ ಅಂದಿರ್ತದೆ." ಸಾಹೇಬರು ನಕ್ಕು, ಎರಡು ದಿನ ಕೂತು, ಎಡಗೈಯಿಂದ ಬಲಗೈ ಹಿಡಿದುಕೊಂಡು ಸರಿಮಾಡಿ ಕೊಟ್ಟರು. ಆ ವಾರವೇ ಅಂಗಡಿ ಮುಚ್ಚಿದರು. ಮೈಸೂರಿನ ಡಾಕ್ಟರು ನಡುಕಕ್ಕೊಂದು ಹೆಸರು ಹೇಳಿ, ಇದು ಹಿಂದಕ್ಕೆ ಹೋಗುವುದಲ್ಲ ಅಂದರಂತೆ.

"ಹಲ್ಲು ಬುಟ್ಟೆ ಸಾರ್" ಅಂದರು. "ನನ್ ಕೈ ನಡುಗುದ್ರೆ ಇನ್ನೊಬ್ಬರ ಬಾಯಿ ಅನುಭವಿಸ್ಬೇಕಾಯ್ತದೆ. ಅದಕ್ಕೆ ಬೇಜಾರಿಲ್ಲ. ಒಂದು ಕೆಲ್ಸ ಅರ್ಧಕ್ಕೆ ನಿಂತದೆ. ಅದಕ್ಕೆ."

ಒಳಗಿನಿಂದ ಒಂದು ಉದ್ದ ಪೆಟ್ಟಿಗೆ ತಂದರು. ಅದರಲ್ಲಿದ್ದದ್ದು ಯುದ್ಧದ ದೃಶ್ಯವಲ್ಲ, ರೈಲ್ವೆ ಸ್ಟೇಷನ್. ಗೋಡೆಯಿಲ್ಲದ ಸರಕು ಬೋಗಿಯೊಂದರ ಮೇಲೆ ಹಗ್ಗ ಬಿಗಿದ ಟ್ಯಾಂಕು, ಅರ್ಧ ಟಾರ್ಪಾಲು ಮುಚ್ಚಿದ್ದು. ಟಾರ್ಪಾಲು ಹಲ್ಲಿನ ಡಾಕ್ಟರುಗಳು ರಕ್ತ ಒತ್ತಲು ಬಳಸುವ ತೆಳು ಗಾಜ್ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಮಾಡಿದ್ದು. ಪ್ಲಾಟ್‌ಫಾರಂ ಮೇಲೆ ಒಬ್ಬ ಸಿಪಾಯಿ, ನನ್ನ ಕಿರುಬೆರಳಿಗಿಂತ ಗಿಡ್ಡ. ಅವನಿಗೆ ಬಲಗೈ ಇನ್ನೂ ಕೂರಿಸಿರಲಿಲ್ಲ. ಅವರ ನೂರು ಗಾಡಿಗಳಲ್ಲಿ ಎಲ್ಲೂ ನಾನು ಮನುಷ್ಯನನ್ನು ನೋಡಿರಲಿಲ್ಲ.

ಅವತ್ತು ಆ ಕಥೆ ಹೇಳಿದರು. ಅವರಿಗೆ ಹನ್ನೆರಡು ವರ್ಷವಿದ್ದಾಗ ಕೆ.ಆರ್. ನಗರದಲ್ಲಿ ಅಜ್ಜಿ ಮನೆ, ಸ್ಟೇಷನ್ನಿಗೆ ಕೂಗಳತೆ. ಒಂದು ಬೆಳಿಗ್ಗೆ ಮಿಲಿಟರಿ ರೈಲು ಬಂದು ನಿಂತಿತು. ಟಾರ್ಪಾಲಿನ ಕೆಳಗೆ ಚಕ್ರ ಕಂಡವು, ಟ್ಯಾಂಕಿನ ಒಂದೊಂದು ಪಕ್ಕಕ್ಕೆ ಐದು. ಸಿಪಾಯಿಯೊಬ್ಬ ಇಳಿದು ಹಿಂದಿಯಲ್ಲಿ ನೀರು ಕೇಳಿದ. ಇವರು ಓಡಿಹೋಗಿ ಅಜ್ಜಿಯ ಹಿತ್ತಾಳೆ ತಂಬಿಗೆ ತುಂಬಿ ತಂದರು. ಅದು ಅಜ್ಜಿ ತವರಿನಿಂದ ತಂದದ್ದು, ಒಂದು ಕಡೆ ನೆಗ್ಗಿದ್ದು. ಸಿಪಾಯಿ ತಲೆ ಹಿಂದಕ್ಕೆ ಹಾಕಿ, ತಂಬಿಗೆ ಎತ್ತಿ ಹಿಡಿದು ಕುಡಿಯುತ್ತಿದ್ದಾಗಲೇ ರೈಲು ಹೊರಟಿತು. ತಂಬಿಗೆ ಕೈಯಲ್ಲೇ ಹಿಡಿದುಕೊಂಡು ಅವನು ಹತ್ತಿಬಿಟ್ಟ. ದೂರದಿಂದ ಅದನ್ನು ಎತ್ತಿ ಅಲ್ಲಾಡಿಸಿದ. ಅದೇ ಚಳಿಗಾಲ ಎಪ್ಪತ್ತೊಂದರ ಯುದ್ಧ ಶುರುವಾಯಿತು.

"ಅಜ್ಜಿ ಸಾಯೋವರ್ಗೂ ನಾ ಹೋದಾಗೆಲ್ಲ ಬಾಗ್ಲಲ್ಲೇ ಕೇಳೋಳು, 'ಏನ್ಲಾ, ನಿನ್ ಮಿಲಿಟ್ರಿಯೋನು ತಂಬ್ಗೆ ತಂದ್ಕೊಟ್ನ?' ಅಂತ. ಅವ್ಳಿಗೆ ತಂಬ್ಗೆ ಚಿಂತೆ. ನಂಗೆ ಅವನ ಚಿಂತೆ. ಯುದ್ಧದಿಂದ ವಾಪಸ್ ಬಂದ್ನೋ ಇಲ್ವೋ." ಬೀರುವಿನ ಕಡೆ ತಿರುಗಿ ಅಂದರು, "ಇಷ್ಟು ಡಬ್ಬಿ ಇಟ್ಕಂಡಿವ್ನಿ. ಫಿರಂಗಿಗೆ ಬಿಲ್ಲೆ ಅದೆ, ಕುದುರೆಗೆ ಅದೆ, ಸೇತುವೆ ಕಟ್ಟೋನಿಗೆ ಅದೆ. ನೀರ್ ಕೊಡೋನಿಗೆ ಒಂದರಲ್ಲೂ ಇಲ್ಲ."

ಐದು ಚಕ್ರದ ಗುರುತೊಂದನ್ನೇ ಹಿಡಿದು ಅವರು ವರ್ಷಗಟ್ಟಲೆ ಪುಸ್ತಕ ತಿರುವಿ, ಅದು ಫ್ರಾನ್ಸಿನ ಒಂದು ಹಗುರ ಟ್ಯಾಂಕೆಂದು ಪತ್ತೆ ಮಾಡಿದ್ದರು. ಈಗ ಉಳಿದದ್ದು ಸಿಪಾಯಿಯ ತೋಳು ಮತ್ತು ತಂಬಿಗೆ. ತಂಬಿಗೆಯನ್ನು ಕೈ ಚೆನ್ನಾಗಿದ್ದಾಗಲೇ ಮಾಡಿ ಸೀಸೆಯಲ್ಲಿ ಇಟ್ಟಿದ್ದರು. ಮೆಣಸಿನಕಾಳಿಗಿಂತ ಚಿಕ್ಕದು, ಕಂಠ, ಹೊಟ್ಟೆ, ನೆಗ್ಗು ಎಲ್ಲ ಇತ್ತು.

"ನೀವು ಕೂರಿಸಿ" ಅಂದರು.

"ನಾನಾ?" ಅಂದೆ. ನನ್ನ ಕೈಯಲ್ಲಿ ಸೂಜಿಗೆ ದಾರ ಪೋಣಿಸಿದ ದಾಖಲೆಯಿಲ್ಲ.

"ಇನ್ಯಾರು? ನನ್ ಹೆಂಡ್ತಿಗೆ ಕಣ್ ಕಾಣಲ್ಲ. ನಿಮಗೆ ಕಣ್ಣೂ ಕಾಣ್ತದೆ, ಕೈಯೂ ನೆಟ್ಗದೆ. ಎದೆ ಒಂದು ನಡುಗ್ತದೆ. ಅದು ಹೊರಗೆ ಕಾಣಲ್ಲ."

ಚಿಮಟದಲ್ಲಿ ತಂಬಿಗೆ ಎತ್ತಿದೆ. ಉಸಿರು ಬಿಟ್ಟರೆ ಹಾರೀತೆಂದು ಉಸಿರು ಹಿಡಿದೆ. ಹಿಡಿದ ಉಸಿರು ಸೀನಾಗಿ ಹೊರಬಂತು. ಕಣ್ಣು ತೆರೆದಾಗ ಚಿಮಟ ಮಾತ್ರ ಇತ್ತು. ಮೂವರೂ ಮಂಡಿಯೂರಿ ಟಾರ್ಚು ಹಿಡಿದು ಹುಡುಕಿದೆವು. ಅವರ ಹೆಂಡತಿ ಮನೆ ಗುಡಿಸಿ, ಕಸವನ್ನು ರವೆ ಜರಡಿಯಲ್ಲಿ ಜರಡಿ ಹಿಡಿದರು. ಸಿಗಲಿಲ್ಲ.

"ಎರಡ್ನೇ ಸಲ ಹೋಯ್ತು" ಅಂದರು ಸಾಹೇಬರು. ನಕ್ಕೇ ಅಂದರು. ಆದರೆ ಎದ್ದು ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅವರ ಹೆಂಡತಿ ಚಹಾ ತಂದಿಟ್ಟು, "ನೀವು ಮನ್ಸಿಗೆ ಹಚ್ಕೋಬೇಡಿ ಅಣ್ಣ" ಅಂದಾಗಲೇ ಗೊತ್ತಾಯಿತು, ಹಚ್ಚಿಕೊಳ್ಳಬೇಕಾದ್ದೇ ಅಂತ. ಸಾಹೇಬರ ಕೈ ಇನ್ನೊಂದು ತಂಬಿಗೆ ಮಾಡಲಾರದು.

ಮುಂದಿನ ಭಾನುವಾರ ನಾನೇ ಹೋಗಿ, ಹೇಳಿಕೊಡಿ, ಮಾಡುತ್ತೇನೆ ಅಂದೆ. ಅವರು ಮೇಣದ ಚಾಕು ತಂದುಕೊಟ್ಟರು. ಬಿಲ್ಲೆಗಳನ್ನು ಸರಿಸಿ ಬಾಗಿಲಿನ ಒಂದು ತುದಿಯಲ್ಲಿ ಜಾಗ ಮಾಡಿದೆವು. ಅವರು ನನ್ನ ಪಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದರು. ಇಲ್ಲದಿದ್ದರೆ ಚಾಕು ಕಿತ್ತುಕೊಳ್ಳಬೇಕು ಅನ್ನಿಸುತ್ತದಂತೆ. ನನ್ನ ಮೊದಲ ತಂಬಿಗೆ ಬದನೆಕಾಯಿಯಾಯಿತು. ಎರಡನೆಯದಕ್ಕೆ ಅವರು "ಕುಂಬಳಕಾಯಿ. ಪೂಜೆಗೆ ಇಟ್ಕಳಿ" ಅಂದರು. ಎಷ್ಟೋ ಭಾನುವಾರಗಳು ಹೋದವು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ತಂಬಿಗೆಯಂಥದು ಆಯಿತು. ಚಿಮಟದಲ್ಲಿ ಒತ್ತಿ ಹಿಡಿದದ್ದಕ್ಕೆ ಒಂದು ಕಡೆ ತಾನೇ ನೆಗ್ಗಿತ್ತು.

"ಎಡಗಡೆ ಇತ್ತು ನೆಗ್ಗು" ಅಂದರು. "ಇರ್ಲಿ, ತಿರುಗ್ಸಿ ಇಡಿ."

ಕೂರಿಸುವ ದಿನ ನಾನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೂತೆ. ತಂಬಿಗೆ ಸಿಪಾಯಿಯ ಕೈಗೆ ಅಂಟಿತು. ಆ ತೋಳನ್ನು ಭುಜಕ್ಕೆ ಅಂಟಿಸಬೇಕು. ತೋಳು ಬಾಯಿಯ ಮೇಲಕ್ಕೆ ಎತ್ತಿರಬೇಕು, ಕುಡಿಯುವ ಹಾಗೆ. "ನಿಧಾನವಾಗಿ ಐವತ್ತು ಎಣ್ಸಿ. ಅಲ್ಲಿವರ್ಗೂ ಬುಡ್ಬೇಡಿ" ಅಂದರು. ಎಣಿಸಿದೆ. ಮೂವತ್ತರ ಹತ್ತಿರ ಬೆರಳ ತುದಿ ಜುಮ್ಮೆಂದಿತು. ಸಿಪಾಯಿಯ ಜೊತೆ ನನ್ನ ಬೆರಳೂ ಅಂಟಿಕೊಂಡಿತೇನೋ, ಆಸ್ಪತ್ರೆಯಲ್ಲಿ ಕೊಯ್ಯಬೇಕಾಗುತ್ತದೇನೋ ಅನ್ನಿಸಿ ಕೈ ಬಿಟ್ಟೆ. ತೋಳು ನಮ್ಮಿಬ್ಬರ ಕಣ್ಣೆದುರೇ ಮೆಲ್ಲಗೆ ಕೆಳಗೆ ಜಾರುತ್ತ ಬಂತು. ಎದೆಯ ಮಟ್ಟ ದಾಟಿ, ಸೊಂಟದ ಹತ್ತಿರ ಬಂದು, ಮುಂದಕ್ಕೆ ಚಾಚಿಕೊಂಡು ನಿಂತಿತು. ನಾನು ಮತ್ತೆ ಹಿಡಿಯಲು ಹೋಗುವಷ್ಟರಲ್ಲಿ ಅಂಟು ಗಟ್ಟಿಯಾಗಿಬಿಟ್ಟಿತ್ತು. ಈಗ ಕಿತ್ತರೆ ಭುಜವೂ ಬರುತ್ತದೆ.

ಸಾಹೇಬರು ತೊಡೆಯ ಕೆಳಗಿನಿಂದ ಕೈ ತೆಗೆದರು. ಭೂತಗನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದರೂ ಅದು ನಡುಗುತ್ತಿತ್ತು. ಹಾಗೇ ಬಗ್ಗಿ ನೋಡಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಹೆಂಡತಿಯನ್ನು ಕೂಗಿ ಕರೆದರು.

"ನೋಡಿಲ್ಲಿ. ಕುಡೀತಿಲ್ಲ ಇವ್ನು. ತಂಬ್ಗೆ ವಾಪಸ್ ಕೊಡ್ತಾವ್ನೆ."

ಆಕೆಗೆ ಅಷ್ಟು ಚಿಕ್ಕದು ಕಾಣಲಿಲ್ಲ. ಆದರೂ ಬಗ್ಗಿ, "ಊಂ, ಕೊಡ್ತಾವ್ನೆ" ಅಂದರು.

ಅದಾಗಿ ಮೂರು ತಿಂಗಳು ಬದುಕಿದ್ದರು. ಮೊನ್ನೆ ಅವರ ಮನೆಗೆ ಹೋದಾಗ ಆಟದ ಬಾಗಿಲಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಡಬ್ಬಿಗಳು, ಕನ್ನಡದ ನೋಟ್‌ಬುಕ್ಕು ಈಗ ನನ್ನ ಬೀರುವಿನಲ್ಲಿವೆ, ಗೆದ್ದಲಿಗೆ ಹೆದರಿ ವಾರಕ್ಕೊಮ್ಮೆ ತೆಗೆದು ನೋಡುತ್ತೇನೆ. ಬೋಗಿಯನ್ನು ಮಾತ್ರ ಆಕೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಅದು ಶೋಕೇಸಿನಲ್ಲಿದೆ. ಸಿಪಾಯಿ ಬೀದಿ ಬಾಗಿಲ ಕಡೆಗೆ ಕೈ ಚಾಚಿಕೊಂಡು ನಿಂತಿದ್ದಾನೆ.

ತೋಳು ಅಂಟಿಸಿದ ದಿನ ಸಾಹೇಬರು ನನ್ನನ್ನು ಗಲ್ಲಿಯ ತಿರುವಿನವರೆಗೆ ಬಿಡಲು ಬಂದಿದ್ದರು. ಸ್ಕೂಟರ್ ಹತ್ತುವಾಗ, ತಪ್ಪಾಯ್ತು ಸಾಹೇಬ್ರೆ, ಐವತ್ತು ಎಣಿಸಬೇಕಿತ್ತು ಅಂದೆ.

"ಏನ್ ತಪ್ಪು ಬುಡಿ. ವಾಪಸ್ ಕೊಡ್ತಾವ್ನೆ ಅಂದ್ಮೇಲೆ, ವಾಪಸ್ ಬಂದವ್ನೆ ಅಂತ ತಾನೆ ಸಾರ್."